ಜೀಪಿನ ಬಟ್ಟೆ ಹುಡ್‌ಗೆ ಯಾವ ಔಷಧಿ? ಬ್ಲೀಚ್, ವಿನೆಗರ್, ಆಕ್ಸಿಜನ್ ಪುಡಿ, ದುಬಾರಿ ಬಾಟಲಿ

ಕಲೆ ಎಷ್ಟು ಬೇಗ ಹೋಯಿತು ಅಂತ ಮಾತ್ರ ನೋಡುವುದಾದರೆ ಬ್ಲೀಚ್‌ಗೆ ಮೊದಲ ನಂಬರ್ ಕೊಡಬೇಕು. ನಾನು ಕೊಡುವುದಿಲ್ಲ. ಹುಡ್ ಇರುವುದು ಮಳೆ ತಡೆಯುವುದಕ್ಕೆ. ಹಾಗಾಗಿ ನನ್ನ ಪರೀಕ್ಷೆ ಬೇರೆ. ತೊಳೆದು, ಪೂರ್ತಿ ಒಣಗಿಸಿ, ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತೇನೆ. ಹನಿ ಗುಂಡಗೆ ನಿಂತು ಜಾರಿದರೆ ಪಾಸ್. ಬಟ್ಟೆ ನೀರು ಕುಡಿದರೆ, ಅದು ಎಷ್ಟೇ ಹೊಸದರಂತೆ ಕಂಡರೂ ಫೇಲ್.

ನಾವಿರುವುದು ಪೋಂಡಾದಲ್ಲಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಧಾರವಾಡದಲ್ಲಿ ಬೆಳೆದವನಿಗೆ ಈ ಮಳೆಯ ಲೆಕ್ಕವೇ ಬೇರೆ ಅನ್ನಿಸುತ್ತದೆ. ಬಿಸಿಲು ಕಾಣದ ವಾರಗಳಲ್ಲಿ ಹುಡ್ ಮೇಲೆ ಕಪ್ಪು ಚುಕ್ಕಿ ಬೂಷ್ಟು, ಹೊಲಿಗೆಗುಂಟ ಹಸಿರು ಪಾಚಿ. ಬೇಸಿಗೆಯಲ್ಲಿ ಕೆಂಪು ಮಣ್ಣಿನ ಧೂಳು. ಮೇ ಬಂತೆಂದರೆ ನೇರಳೆ ಹಣ್ಣು, ಜೊತೆಗೆ ಅದನ್ನು ತಿಂದ ಬಾವಲಿಗಳ ಕೊಡುಗೆ.

ಒಳ್ಳೆಯ ಹುಡ್ ಬಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತದೆ. ಮೇಲೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ನೇಯ್ಗೆ, ನಡುವೆ ತೆಳು ರಬ್ಬರ್, ಒಳಗೆ ಅಸ್ತರ್. ನನ್ನದು ಅಕ್ರಿಲಿಕ್. ನೇರ ಅದರ ಮೇಲೇ ಪ್ರಯೋಗ ಮಾಡಲು ಧೈರ್ಯ ಬರಲಿಲ್ಲ. ಸೀಟ್ ಹೊಲಿಯುವ ಅಂಗಡಿಯವರು ಗದಗ ಕಡೆಯವರು. ಅದೇ ಥರದ ಹರಿದ ಹುಡ್ ಒಂದನ್ನು ಸುಮ್ನೆ ಕೊಟ್ಟರು. ಯಾತಕ್ಕೆ ಅಂತ ಹೇಳಿದಾಗ ನಕ್ಕರು. "ಬ್ಲೀಚ್ ಹಾಕ್ರಿ ಸರ. ನಮಗ ಹೊಲಿಗಿ ಕೆಲಸ ಸಿಗ್ತದ."

ಅವರ ಮಾತು ನಿಜ. ಬೂಷ್ಟಿನ ಮೇಲೆ ತೆಳುವಾದ ಬ್ಲೀಚ್ ಹಚ್ಚಿದರೆ ನೋಡನೋಡುತ್ತಲೇ ಚುಕ್ಕಿ ಮಾಯ. ಅಕ್ರಿಲಿಕ್ ನೂಲಿಗೆ ಬಣ್ಣವನ್ನು ಅದು ತಯಾರಾಗುವಾಗಲೇ ಬೆರೆಸಿದ್ದರೆ ಅದೂ ಮಾಸುವುದಿಲ್ಲ. ಕಷ್ಟ ಇರುವುದು ದಾರದಲ್ಲಿ. ಹತ್ತಿ ದಾರ, ನೈಲಾನ್ ದಾರ ಬ್ಲೀಚ್‌ಗೆ ಸೋಲುತ್ತವೆ. ಹಳೇ ಹುಡ್‌ನ ಹೊಲಿಗೆಯನ್ನು ಉಗುರಿನಿಂದ ಎಳೆದರೆ ಪಟಪಟ ಬಿಟ್ಟುಕೊಂಡಿತು. ಹತ್ತಿ ಕ್ಯಾನ್ವಾಸ್ ಆಗಿದ್ದರಂತೂ ಬಟ್ಟೆಯೇ ಲಡ್ಡಾಗುತ್ತದೆ. ನೀರಿನ ಪರೀಕ್ಷೆಯಲ್ಲೂ ಫೇಲ್. ಇನ್ನೊಂದು ಮಾತು: ಕೆಂಪು ಮಣ್ಣಿನ ಕಲೆ ಕಬ್ಬಿಣದ್ದು. ಅದಕ್ಕೆ ಬ್ಲೀಚ್ ಹಾಕಿದರೆ ಕಲೆ ಹೋಗುವ ಬದಲು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಬಟ್ಟೆ ಒಗೆಯುವ ಪುಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಳೆ ಹೋಯಿತು, ನೊರೆ ಹೋಗಲಿಲ್ಲ. ನೇಯ್ಗೆಯೊಳಗೆ ಉಳಿದ ಸಾಬೂನು ಮುಂದಿನ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅದಕ್ಕಿಂತ ಅಂಟವಾಳಕಾಯಿ ನೆನೆಸಿದ ನೀರು ವಾಸಿ. ಮಾಮೂಲಿ ಕೊಳೆಗೆ, ಹಕ್ಕಿ ಹಿಕ್ಕೆಗೆ ಸಾಕು. ಬೂಷ್ಟಿಗೆ ಏನೂ ಆಗಲಿಲ್ಲ.

ವಿನೆಗರ್ ಮತ್ತು ಅಡುಗೆ ಸೋಡಾ ಜೋಡಿಗೆ ವಾಟ್ಸಾಪ್‌ನಲ್ಲಿ ಎಷ್ಟು ಹೆಸರು ಅಲ್ವಾ! ಎರಡನ್ನೂ ಬೆರೆಸಿದರೆ ಬುಸ್ ಅಂತ ಉಕ್ಕುತ್ತದೆ, ನೋಡಲು ಖುಷಿ. ಆದರೆ ಆ ಉಕ್ಕಿನಲ್ಲೇ ಹುಳಿ ಮತ್ತು ಕ್ಷಾರ ಒಂದನ್ನೊಂದು ಮುಗಿಸಿಬಿಡುತ್ತವೆ. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ವಿನೆಗರ್ ಒಂದನ್ನೇ ಅರ್ಧಕ್ಕರ್ಧ ನೀರು ಸೇರಿಸಿ ಹಚ್ಚಿದಾಗ ಎಳೆಯ ಬೂಷ್ಟು ಹೋಯಿತು, ಹಳೆಯದು ಮಾಸಲಾಗಿ ಉಳಿಯಿತು. ದಾರಕ್ಕೆ ತೊಂದರೆ ಕಾಣಲಿಲ್ಲ. ಇಲ್ಲಿ ತೆಂಗಿನ ಕಳ್ಳಿನ ವಿನೆಗರ್ ಸುಲಭವಾಗಿ ಸಿಗುತ್ತದೆ. ಅದು ವಿಂದಾಲೂಗೆ ಇರಲಿ. ಹುಡ್‌ಗೆ ಬಣ್ಣವಿಲ್ಲದ ಬಿಳಿ ವಿನೆಗರ್ ಬೇಕು. ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್ ಮುಟ್ಟಿಸಲೇಬೇಡಿ, ಕ್ಲೋರಿನ್ ಅನಿಲ ಹೊರಡುತ್ತದೆ.

ನನಗೆ ಗೆದ್ದದ್ದು ಆಕ್ಸಿಜನ್ ಬ್ಲೀಚ್. ಹೆಸರಿನಲ್ಲಿ ಬ್ಲೀಚ್ ಇದ್ದರೂ ಇದರಲ್ಲಿ ಕ್ಲೋರಿನ್ ಇಲ್ಲ. ವ್ಯಾನಿಷ್‌ನಂಥ ಕಲೆ ತೆಗೆಯುವ ಪುಡಿಗಳಲ್ಲಿ ಇರುವ ಸೋಡಿಯಂ ಪರ್ಕಾರ್ಬೊನೇಟ್ ಅದೇ. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ತಣ್ಣೀರಿನಲ್ಲಿ ಸೋಮಾರಿ, ಉಗುರುಬೆಚ್ಚಗಿನ ನೀರಿನಲ್ಲಿ ಚುರುಕು. ಲೀಟರಿಗೆ ಎರಡು ಚಮಚ ಕಲಸಿ, ನೆರಳಿನಲ್ಲಿ ಹಚ್ಚಿ, ಒಣಗಲು ಬಿಡದೆ 15–20 ನಿಮಿಷ ಒದ್ದೆಯಾಗಿಟ್ಟೆ. ಮೆತ್ತನೆ ಬ್ರಷ್‌ನಿಂದ ನೇಯ್ಗೆ ಹೋದ ಕಡೆಗೇ ಉಜ್ಜಿದೆ. ಹಳೇ ಬೂಷ್ಟೂ ಬಹುಪಾಲು ಬಿಟ್ಟಿತು, ಹೊಲಿಗೆ ಗಟ್ಟಿಯಾಗೇ ಇತ್ತು. ಉಳಿದ ದ್ರಾವಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಸಿಡಿಯಬಹುದು. ಕಲೆಯ ಮೇಲಷ್ಟೇ ಉಜ್ಜಿದರೆ ಸುತ್ತ ಉಂಗುರ ಏಳುತ್ತದೆ. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ಭಾಗವನ್ನೇ ತೊಳೆಯಬೇಕು.

ಬಟ್ಟೆ ಹುಡ್‌ಗೆಂದೇ ಬರುವ ದುಬಾರಿ ಕ್ಲೀನರ್ ನೀರಿನ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಹನಿ ಹೆಚ್ಚುಕಡಿಮೆ ಮೊದಲಿನಂತೆಯೇ ಜಾರಿತು. ಆದರೆ ಬೂಷ್ಟಿನ ಮುಂದೆ ಅದು ಪಾಪದ್ದು. ವರ್ಷವಿಡೀ ನೆರಳಲ್ಲಿ ನಿಲ್ಲುವ ಗಾಡಿಗೆ, ಮೇಲ್ಮೇಲೆ ತೊಳೆಯುವವರಿಗೆ ಅದು ಸರಿ. ನಮ್ಮ ಮಳೆಗಾಲಕ್ಕೆ ಅಷ್ಟು ದುಡ್ಡು ದಂಡ.

ನೇರಳೆ ಕಲೆಯ ಕಥೆ ಬೇರೆ. ಅದರ ಬಣ್ಣ ಹುಳಿಗೆ ಕೆಂಪಾಗುತ್ತದೆ, ಸಾಬೂನಿಗೆ ನೀಲಿ. ಹಾಗಾಗಿ ಮೊದಲು ಸಾಬೂನು ತಾಗಿಸದೆ ನೀರು, ಆಮೇಲೆ ವಿನೆಗರ್, ಕೊನೆಗೆ ಆಕ್ಸಿಜನ್ ಪುಡಿ. ಈ ಕ್ರಮದಲ್ಲಿ ಹೊಸ ಕಲೆ ಪೂರ್ತಿ ಹೋಯಿತು. ಕೆಂಪು ಧೂಳಿಗೆ ನೀರನ್ನೇ ಹಾಕಬಾರದು. ಮೊದಲು ಒಣ ಬ್ರಷ್, ವ್ಯಾಕ್ಯೂಮ್ ಇದ್ದರೆ ವ್ಯಾಕ್ಯೂಮ್. ನೀರು ಬಿದ್ದರೆ ಧೂಳು ಕೆಸರಾಗಿ ನೇಯ್ಗೆಗೆ ಇಳಿಯುತ್ತದೆ. ಮರದ ಅಂಟಿಗೆ ಐಸ್ ಇಟ್ಟು ಗಟ್ಟಿ ಮಾಡಿ ಎಬ್ಬಿಸಿ, ಉಳಿದದ್ದನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಸ್ಪಿರಿಟ್ ತಾಗಿದರೆ ಮಂಜು ಹಿಡಿದಂತಾಗುತ್ತದೆ, ಬ್ರಷ್ ತಾಗಿದರೆ ಗೀರು. ಅದನ್ನು ಮುಚ್ಚಿಕೊಂಡೇ ಕೆಲಸ ಮಾಡಬೇಕು.

ವಾಷಿಂಗ್ ಸೆಂಟರ್‌ನ ಪ್ರೆಶರ್ ಗನ್ ಮಾತ್ರ ಬೇಡವೇ ಬೇಡ. ನೀರು ಹೊಲಿಗೆಯ ತೂತುಗಳಿಂದ ಒಳಗೆ ನುಗ್ಗುತ್ತದೆ.

ಯಾವುದರಿಂದ ಉಜ್ಜಿದರೂ ನೀರು ತಡೆಯುವ ಗುಣ ಸ್ವಲ್ಪವಾದರೂ ಹೋಗುತ್ತದೆ. ಅದನ್ನು ಮತ್ತೆ ಹಚ್ಚಬೇಕು. ನಾನು ಬಳಸಿದ್ದು 303 ಫ್ಯಾಬ್ರಿಕ್ ಗಾರ್ಡ್. ಬಟ್ಟೆ ಪೂರ್ತಿ ಒಣಗಿರಬೇಕು, ಹವೆ ಬೆಚ್ಚಗಿರಬೇಕು. ಅಂದರೆ ಗೋವಾದಲ್ಲಿ ಮೇ ತಿಂಗಳ ಮಧ್ಯದೊಳಗೆ ಕೆಲಸ ಮುಗಿಸಬೇಕು. ಜೂನ್‌ನಲ್ಲಿ ಒಣ ದಿನಕ್ಕೆ ಕಾದು ಕೂತರೆ ಆಗುವುದಿಲ್ಲ.

ಗೇರುಹಣ್ಣಿನ ರಸದ ಹಳೇ ಕಲೆಗೆ ಇವುಗಳಲ್ಲಿ ಯಾವುದೂ ನಾಟಲಿಲ್ಲ. ಅದನ್ನು ಗದಗದವರಿಗೆ ತೋರಿಸಿದೆ. ಬೆರಳಿನಿಂದ ಉಜ್ಜಿ ನೋಡಿ, ಅದೇ ಬಣ್ಣದ ಬಟ್ಟೆಯ ತುಂಡು ಹುಡುಕಲು ಒಳಗೆ ಹೋದರು.