ಓಟದ ಜೊತೆ ಶ್ರಮದಾನ: ಚಿಕ್ಕಮಗಳೂರಿನ ಭಾನುವಾರದ ಗುಂಪು, ಎರಡು ವರ್ಷ ಬಳಸಿದ ಮೇಲೆ

ಚಿಕ್ಕಮಗಳೂರಿನಲ್ಲಿ ಜಿಮ್‌ಗಳಿಗೆ ಬರ ಇಲ್ಲ. ನಾನು ಬರೆಯುತ್ತಿರುವುದು ಬೋರ್ಡೂ ಇಲ್ಲದ, ಕಟ್ಟಡವೂ ಇಲ್ಲದ ಒಂದು ಗುಂಪಿನ ಬಗ್ಗೆ. ಒಬ್ಬರು ತರಬೇತುದಾರರು ನಡೆಸುತ್ತಾರೆ. ತಿಂಗಳಿಗೆ 300 ರೂಪಾಯಿ. ಬುಧವಾರ ಬೆಳಿಗ್ಗೆ ಜಿಲ್ಲಾ ಆಟದ ಮೈದಾನದಲ್ಲಿ ಒಂದು ಗಂಟೆ ವ್ಯಾಯಾಮ. ಭಾನುವಾರ ಬೆಳಿಗ್ಗೆ ಆರಕ್ಕೆ ಓಟ ಇಲ್ಲವೇ ಬೆಟ್ಟ ಹತ್ತುವುದು, ಜೊತೆಗೆ ಊರಿಗೆ ಬೇಕಾದ ಒಂದು ಕೆಲಸ. ಕಸ ಹೆಕ್ಕುವುದು, ಕಳೆ ಕೀಳುವುದು, ನೆಟ್ಟ ಗಿಡಕ್ಕೆ ನೀರು ಹೊರುವುದು, ಹೀಗೆ. ಸೇರಿ ಎರಡು ವರ್ಷ ದಾಟಿತು. ಸೇರಬಹುದಾ, ಪ್ರಯೋಜನ ಇದೆಯಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಈ ಯೋಚನೆ ಹೊಸದಲ್ಲ. ಬ್ರಿಟನ್ನಿನಲ್ಲಿ 1998ರಲ್ಲೇ ವಿಲಿಯಂ ಬರ್ಡ್ ಅನ್ನುವ ವೈದ್ಯರು 'ಗ್ರೀನ್ ಜಿಮ್' ಶುರು ಮಾಡಿಸಿದರು. ಜನ ಒಟ್ಟಾಗಿ ಸೇರಿ ಗಿಡ ನೆಡುವುದು, ಕಾಲುದಾರಿ ಸರಿಮಾಡುವುದು, ಅದೇ ಅವರ ವ್ಯಾಯಾಮ. 2009ರಲ್ಲಿ ಲಂಡನ್‌ನಲ್ಲಿ 'ಗುಡ್‌ಜಿಮ್' ಬಂತು. ಅವರು ಓಡಿಕೊಂಡು ಹೋಗಿ ಬಡಾವಣೆಯ ಕೆಲಸ ಮಾಡುತ್ತಾರೆ, ಒಂಟಿಯಾಗಿರುವ ಹಿರಿಯರನ್ನು ಮಾತಾಡಿಸಿ ಬರುತ್ತಾರೆ. ಓಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ 2016ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ನಮಗೆ ಇದೆಲ್ಲ ಅಪರಿಚಿತವೇನೂ ಅಲ್ಲ. ಕಾಲೇಜಿನಲ್ಲಿ ಎನ್‌ಎಸ್‌ಎಸ್ ಶಿಬಿರಕ್ಕೆ ಹೋದವರೆಲ್ಲ ಗುದ್ದಲಿ ಹಿಡಿದವರೇ. ಆದರೆ ಶಿಬಿರದಲ್ಲಿ ಗುದ್ದಲಿಯನ್ನು ಹೇಗೆ ಹಿಡಿಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಗುಂಪಿನಲ್ಲಿ ಅದನ್ನು ಹೇಳಿಕೊಡುತ್ತಾರೆ. ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಮೊದಲು ಅಲ್ಲಿ.

ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸ ನನ್ನದು. ಕಸ ಹೆಕ್ಕುವಾಗ ಎಲ್ಲರೂ ಮಾಡುವ ಹಾಗೆ ಸೊಂಟದಿಂದ ಬಗ್ಗುತ್ತಿದ್ದೆ. "ಸೊಂಟ ಬಗ್ಗಿಸ್ಬೇಡಿ ಅಕ್ಕ, ಮಂಡಿ ಮಡಚಿ ಕೂತು ತಗೊಳ್ಳಿ. ಬೆನ್ನು ನೆಟ್ಟಗಿರ್ಲಿ" ಅಂತ ತರಬೇತುದಾರರು ಪ್ರತಿ ಸಲ ಹೇಳುತ್ತಿದ್ದರು. ಬುಧವಾರ ಮಾಡಿಸುವ ಸ್ಕ್ವಾಟ್ (ಮಂಡಿ ಮಡಚಿ ಕೂತು ಏಳುವುದು), ಲಂಜ್‌ಗಳೆಲ್ಲ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು) ಭಾನುವಾರದ ಕೆಲಸಕ್ಕೆ ತಕ್ಕ ಹಾಗೆ ಇರುತ್ತವೆ. ಮುಂದಿನ ವಾರ ಹಾರೆ ಹಿಡಿಯುವುದಿದ್ದರೆ ಈ ವಾರ ಭುಜ, ಮುಂಗೈಗೆ ವ್ಯಾಯಾಮ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಮೈ ಸಡಿಲ ಮಾಡಿಸದೆ ಯಾರನ್ನೂ ಕಳಿಸುವುದಿಲ್ಲ.

ದೊಡ್ಡವರು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬುಧವಾರ, ಭಾನುವಾರ ಎರಡೂ ತಪ್ಪಿಸದಿದ್ದರೆ ಈ ಲೆಕ್ಕ ಸರಾಗವಾಗಿ ತುಂಬುತ್ತದೆ. ಬಲ ಬಂದಿದ್ದಕ್ಕೆ ಫೆಬ್ರವರಿಯಿಂದ ಏಪ್ರಿಲ್ ತನಕದ ಭಾನುವಾರಗಳೇ ಸಾಕ್ಷಿ. ಊರಾಚೆ ಒಂದು ಸರ್ಕಾರಿ ಶಾಲೆಯ ಹಿಂದಿನ ದಿಬ್ಬದಲ್ಲಿ ನೇರಳೆ, ಹೊಂಗೆ, ಅತ್ತಿ ಸಸಿ ನೆಟ್ಟಿದ್ದೇವೆ. ಬೋರ್‌ವೆಲ್ ಕೆಳಗಿದೆ. ಎರಡೂ ಕೈಯಲ್ಲಿ ಹತ್ತತ್ತು ಲೀಟರಿನ ಕ್ಯಾನ್, ಅಂದರೆ 20 ಕೆ.ಜಿ. ಹಿಡಿದು ದಿಬ್ಬ ಹತ್ತಬೇಕು. ಮೊದಲ ಬೇಸಿಗೆಯಲ್ಲಿ ಅರ್ಧ ದಾರಿಗೇ ಬೆರಳು ಸೋಲುತ್ತಿದ್ದವು. ಈಗ ಮೇಲಿನ ಸಾಲಿನ ತನಕ ಕ್ಯಾನ್ ಕೆಳಗಿಡುವುದಿಲ್ಲ. ಜೂನ್‌ನಲ್ಲಿ ಸಸಿ ನೆಡಲು ಬರುವ ಜನರಲ್ಲಿ ಕಾಲು ಭಾಗವಾದರೂ ಮಾರ್ಚ್‌ನಲ್ಲಿ ನೀರು ಹೊರಲು ಬಂದರೆ ನಮ್ಮೂರ ಸುತ್ತ ಎಷ್ಟೋ ಗಿಡ ಉಳಿಯುತ್ತಿದ್ದವು. ಈ ಮಾತನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ತೂಕ ಅಂಥಾದ್ದೇನೂ ಇಳಿದಿಲ್ಲ. ತೂಕ ಇಳಿಸುವುದೇ ಮುಖ್ಯ ಅನ್ನುವವರು ಊಟದ ಕಡೆಗೂ ನೋಡಬೇಕು. ಇಲ್ಲಿ ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ನನಗೆ ಸಿಕ್ಕಿದ್ದು ಕಾಲಿನ ಕಸುವು ಮತ್ತು ಉಸಿರು. ರತ್ನಗಿರಿ ಬೋರೆಯ ಏರನ್ನು ಈಗ ನಿಲ್ಲದೆ ಓಡಿ ಹತ್ತುತ್ತೇನೆ. ಕುರ್ಚಿಯಿಂದ ಏಳುವಾಗ ಹಿಡಿಯುತ್ತಿದ್ದ ಬೆನ್ನು ಈಗ ಹಿಡಿಯುವುದಿಲ್ಲ.

ಗುಂಪಿನ ನಿಜವಾದ ಶಕ್ತಿ ಇರುವುದು ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗುವುದರಲ್ಲಿ. ಹಿರೇಕೊಳಲೆ ಕೆರೆ ಕಡೆ ಹೋಗುವ ದಾರಿಯಲ್ಲಿ, ಅನುಮತಿ ತೆಗೆದುಕೊಂಡು, ಒಂದು ತುಂಡು ಜಾಗದ ಲಂಟಾನ ಅನ್ನುವ ಮುಳ್ಳುಪೊದೆ ತೆಗೆಯುತ್ತಿದ್ದೇವೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು. ಲಂಟಾನವನ್ನು ಸುಮಾರು ಇನ್ನೂರು ವರ್ಷದ ಹಿಂದೆ ಹೂವಿನ ಅಂದಕ್ಕೆ ಅಂತ ಬ್ರಿಟಿಷರು ನಮ್ಮ ದೇಶಕ್ಕೆ ತಂದರು. ಈಗ ಬೇರೆ ಗಿಡ ಏಳಲು ಬಿಡದೆ ಹಬ್ಬಿದೆ. ಕತ್ತಿಯಲ್ಲಿ ಮೇಲಿಂದ ಸವರಿದರೆ ಏನೂ ಉಪಯೋಗ ಇಲ್ಲ. ಮಳೆ ಬಿದ್ದ ಕೂಡಲೇ ಒಂದು ಕಾಂಡಕ್ಕೆ ನಾಲ್ಕು ಚಿಗುರು. ಬುಡದ ಮಣ್ಣು ಬಿಡಿಸಿ, ಕಾಂಡ ಬೇರಿಗೆ ಸೇರುವ ಗಂಟಿನ ಕೆಳಗೆ, ನೆಲಕ್ಕಿಂತ ಎರಡು ಮೂರು ಬೆರಳು ಆಳದಲ್ಲಿ ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ಬೇರು ಮೇಲಾಗಿ ಮಗುಚಿ ಇಡಬೇಕು, ಮತ್ತೆ ಬೇರೂರದ ಹಾಗೆ. ಹಣ್ಣಾಗುವ ಮೊದಲೇ ಮಾಡಿದರೆ ಒಳ್ಳೆಯದು, ಇಲ್ಲದಿದ್ದರೆ ಹಕ್ಕಿಗಳು ಬೀಜ ಹರಡುತ್ತವೆ. ಒಬ್ಬರು ಹಾರೆ ಮೀಟಬೇಕು, ಇನ್ನೊಬ್ಬರು ಕಡಿಯಬೇಕು, ಮೂರನೆಯವರು ಮುಳ್ಳಿನ ಕೊಂಬೆ ಎಳೆದು ಹಿಡಿಯಬೇಕು. ಮೂರು ಪೊದೆ ತೆಗೆಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಕೈಗವಸು ಹಾಕಿದ್ದರೂ ಎಲೆಯ ಘಾಟು ಸಂಜೆ ತನಕ ಕೈಯಿಂದ ಹೋಗುವುದಿಲ್ಲ. ಒಂದು ಸಲ ಕಿತ್ತರೆ ಮುಗಿಯಲಿಲ್ಲ. ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ಮಳೆಗೆ ಏಳುತ್ತದೆ. ಆಗ ಹೋದರೆ ಸಸಿಯನ್ನು ಎರಡು ಬೆರಳಲ್ಲಿ ಕೀಳಬಹುದು, ಬಿಟ್ಟರೆ ಮತ್ತೆ ಹಾರೆಯೇ ಬೇಕು. ನಾವು ಹೋದೆವು. ಈಗ ಅಲ್ಲಿ ಹುಲ್ಲು ಬಂದಿದೆ, ಕಾಲಿಡಲೂ ಜಾಗ ಇಲ್ಲದಿದ್ದ ಕಡೆ ದನ ಮೇಯುತ್ತಿವೆ.

ಇಷ್ಟು ಹೊಗಳಿದ ಮೇಲೆ ದೂರನ್ನೂ ಹೇಳಬೇಕಲ್ವಾ. ಪ್ರವಾಸಿಗರ ಸೀಸನ್ ಬಂದರೆ ಗುಂಪು ಮುಳ್ಳಯ್ಯನಗಿರಿ ಕಡೆ ವಾಲುತ್ತದೆ. 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಎತ್ತರದ ಶಿಖರ. ಅಲ್ಲಿ ಕಸ ಹೆಕ್ಕುತ್ತೇವೆ ಅಂದರೆ ಹೊಸಬರು ಒಂದಷ್ಟು ಜನ ಸೇರುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಕೆಲಸ ಬೇಕಿಲ್ಲ ಅಂತಲ್ಲ. ಚಿಪ್ಸ್ ಪ್ಯಾಕೆಟ್ಟು ಗಾಳಿಗೆ ಹಾರಿ ಕಣಿವೆಯ ಶೋಲಾ ಕಾಡಿಗೆ (ಬೆಟ್ಟದ ಮಡಿಕೆಯಲ್ಲಿ ಬೆಳೆಯುವ ದಟ್ಟ ಕಾಡು) ಬಿದ್ದರೆ ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ, ಆದರೂ ಪ್ರತಿ ಸಲ ಚೀಲ ತುಂಬುತ್ತದೆ. ಆದರೆ ಅಲ್ಲಿ ಅರ್ಧ ಹೊತ್ತು ಗಾಡಿಗಳ ಸಾಲಿನಲ್ಲೇ ಹೋಗುತ್ತದೆ, ವ್ಯಾಯಾಮ ಆಗುವುದಿಲ್ಲ. ಒಮ್ಮೆ ಒಬ್ಬ ಪ್ರಾಯೋಜಕರು ಎಲ್ಲರಿಗೂ ಸಣ್ಣ ಸಣ್ಣ ನೀರಿನ ಬಾಟಲಿ ಹಂಚಿದರು, ಅವನ್ನೇ ನಾವು ಹೆಕ್ಕಿ ಕೆಳಗೆ ತಂದೆವು. ನನಗೆ ಆ ದಿನ ತುಂಬಾ ಬೇಜಾರಾಯಿತು. ಪ್ರಾಯೋಜಕರು ಇಲ್ಲದಿದ್ದರೂ ಗುಂಪು ನಡೆಯುತ್ತದೆ ಅಂತ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಅದೇ ಬೆಟ್ಟದ ವಿಷಯದಲ್ಲಿ ಗುಂಪಿನ ಒಂದು ನಿಲುವನ್ನು ಮೆಚ್ಚಲೇಬೇಕು. ಇಳಿಜಾರು ಬರೀ ಹುಲ್ಲು, ಬೀಜದುಂಡೆ ಎಸೆದು ಕಾಡು ಮಾಡೋಣ ಅಂತ ಕೆಲವರು ಉತ್ಸಾಹದಿಂದ ಬಂದಿದ್ದರು. ಗುಂಪು ಒಪ್ಪಲಿಲ್ಲ. ಆ ಹುಲ್ಲುಗಾವಲು ಬೋಳು ನೆಲ ಅಲ್ಲ. ಕಣಿವೆಯಲ್ಲಿ ಶೋಲಾ, ನೆತ್ತಿಯಲ್ಲಿ ಹುಲ್ಲು, ಹೀಗೆ ಇರುವುದೇ ಅಲ್ಲಿನ ಸಹಜ ರೂಪ. ಮಳೆ ನೀರನ್ನು ಹಿಡಿದು ನಿಧಾನವಾಗಿ ಹಳ್ಳಕ್ಕೆ ಬಿಡುವುದು ಅದೇ. 2018ರಲ್ಲಿ ನೀಲಕುರಿಂಜಿ ಅರಳಿದ್ದೂ ಅಂಥ ಇಳಿಜಾರುಗಳಲ್ಲೇ.

ಹೆಕ್ಕಿದ ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಸೇರುವ ಮೊದಲೇ ಕೇಳಿ, ಯಾವ ಗುಂಪಾದರೂ ಸರಿ. ನಮ್ಮದರಲ್ಲಿ ಮೊದಲು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ನಗರಸಭೆ ಗಾಡಿಗೆ ಕೊಡುತ್ತಿದ್ದರು. ಬಸವನಹಳ್ಳಿ ಕೆರೆ ಹತ್ತಿರ ಪೌರಕಾರ್ಮಿಕ ಅಕ್ಕ ಒಬ್ಬರು ಚೀಲ ಬಿಚ್ಚಿ ನೋಡಿ, "ಮಣ್ಣು ಮೆತ್ತಿದ ಒದ್ದೆ ಕವರ್ ಕೊಟ್ರೆ ನಾವೇನ್ ಮಾಡೋದು ಮೇಡಂ? ಒಡೆದ ಬಾಟ್ಲಿನೂ ಇದ್ರಲ್ಲೇ ಹಾಕಿದೀರಿ, ನಮ್ ಕೈ ಕುಯ್ಯುತ್ತೆ" ಅಂದರು. ಅಂದಿನಿಂದ ಮೂರು ಚೀಲ. ಗಾಜಿಗೆ ಬೇರೆ ಗೋಣಿಚೀಲ. ಬಾಟಲಿ, ತಗಡು ಗುಜರಿಗೆ. ಚಿಪ್ಸ್, ಗುಟ್ಕಾ ಕವರ್‌ಗಳನ್ನು ಗುಜರಿಯವರು ಮುಟ್ಟುವುದಿಲ್ಲ, ಕೊಡವಿ ಒಣಗಿಸಿ ಒಣಕಸದ ಜೊತೆ ಕೊಡುತ್ತೇವೆ. ಆ ಅಕ್ಕ ಈಗ ಗಾಡಿ ನಿಲ್ಲಿಸಿ ಕಾಯುತ್ತಾರೆ.

ಮಳೆಗಾಲದ ಬಗ್ಗೆ ಎರಡು ಮಾತು. ಜುಲೈ, ಆಗಸ್ಟ್‌ನಲ್ಲಿ ಅರ್ಧಕ್ಕರ್ಧ ಭಾನುವಾರ ರದ್ದಾಗುತ್ತವೆ, ಶುಲ್ಕ ಮಾತ್ರ ಪೂರ್ತಿ. ಇದು ಸರಿಯಾಗಬೇಕು. ಮಳೆ ಬಿಡುವು ಕೊಟ್ಟ ದಿನ ಕಾಂಗ್ರೆಸ್ ಗಿಡ ಕೀಳುವ ಕೆಲಸ. ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲು ಕಿತ್ತರೆ ಬೇರು ಸಮೇತ ಬರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ಗ್ಯಾರಂಟಿ. ಉಬ್ಬಸ ಇರುವವರು ಆ ದಿನ ಬರದಿರುವುದೇ ಒಳ್ಳೆಯದು. ಇಂಬಳಕ್ಕೆ (ಜಿಗಣೆಗೆ) ಉದ್ದನೆ ಕಾಲುಚೀಲ, ಅದರ ಮೇಲೆ ಉಪ್ಪು ಇಲ್ಲವೇ ನಶ್ಯದ ಪುಡಿ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಉಣ್ಣೆ, ಅಂದರೆ ಉಣುಗು, ಕಚ್ಚಿ ಬರುವ ಜ್ವರ ಅದು. ನಮ್ಮ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಿಗೆ ಹೊಸದಲ್ಲ. ಆಗ ಗುಂಪು ಕಾಡಂಚಿಗೆ ಹೋಗದೆ ಕೆರೆ, ಶಾಲೆಗಳ ಕೆಲಸ ಹಿಡಿಯುತ್ತದೆ. ಆನೆ ಓಡಾಡಿದ ಸುದ್ದಿ ಬಂದರೂ ಅಷ್ಟೇ, ಹಿಂದಿನ ರಾತ್ರಿಯೇ ಜಾಗ ಬದಲಾಗಿರುತ್ತದೆ. ಈ ಎಚ್ಚರಕ್ಕೆ ನನ್ನಿಂದ ಪೂರ್ತಿ ಅಂಕ.

ಒಟ್ಟು 5ಕ್ಕೆ 4 ಕೊಡುತ್ತೇನೆ. ಕಡಿದ ಒಂದಂಕ ಸೀಸನ್‌ನ ಬೆಟ್ಟದ ಓಡಾಟಕ್ಕೆ ಮತ್ತು ಮಳೆಗಾಲದ ಶುಲ್ಕಕ್ಕೆ. ಒಬ್ಬರೇ ವ್ಯಾಯಾಮ ಶುರು ಮಾಡಿ ಬಿಟ್ಟುಬಿಡುವವರಿಗೆ ಇದು ತುಂಬಾ ಚೆನ್ನಾಗಿ ಹೊಂದುತ್ತದೆ. ನೀರು ಹೊರುವ ಸರದಿ ನಿಮ್ಮದು ಅಂತ ಗೊತ್ತಿದ್ದಾಗ ಹಾಸಿಗೆಯಲ್ಲಿ ಮಲಗಿರಲು ಮನಸ್ಸು ಬರುವುದಿಲ್ಲ. ಮಂಡಿ ಶಸ್ತ್ರಚಿಕಿತ್ಸೆ ಆದವರು, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನು ಕೇಳಿ ಬನ್ನಿ. ಅಂಥವರಿಗೆ ಚೀಲ ಬೇರ್ಪಡಿಸುವ, ಸಸಿಗೆ ಮುಳ್ಳುಬೇಲಿ ಕಟ್ಟುವ ಕೆಲಸ ಇದ್ದೇ ಇರುತ್ತದೆ. ಹೊಸಬರು ಮಳೆ ಮುಗಿಯುವ ಹೊತ್ತಿಗೆ ಸೇರುವುದು ಸುಲಭ. ದೀಪಾವಳಿ ಕಳೆದ ಭಾನುವಾರ ದೇವಿರಮ್ಮನ ಬೆಟ್ಟದ ಬುಡದ ದಾರಿಯಲ್ಲಿ ಕೆಲಸ. ಬರಿಗಾಲಲ್ಲಿ ನಡೆಯುವ ಭಕ್ತರು ತುಂಬಾ ಇರುವ ದಾರಿ ಅದು, ಅದಕ್ಕೇ ಗಾಜಿನ ಚೂರಿನ ಕಡೆಗೇ ಮೊದಲ ಗಮನ. ದಪ್ಪ ಅಡಿಯ ಶೂ, ಚರ್ಮದ ಕೈಗವಸು, ಎರಡು ಗೋಣಿಚೀಲ, ಸ್ಟೀಲ್ ಬಾಟಲಿಯಲ್ಲಿ ನೀರು ತನ್ನಿ. ಇಕ್ಕಳ ಗುಂಪಿನಲ್ಲೇ ಸಿಗುತ್ತದೆ.