ಪೇರೋಲ್ ಕಂಪನಿಯಲ್ಲಿ ನನ್ನದೇ ಪಿಎಫ್ ಕಟ್ಟಿರಲಿಲ್ಲ

ಬೆಂಗಳೂರಲ್ಲಿ ಒಂಬತ್ತು ವರ್ಷ ಬ್ಯಾಕೆಂಡ್ ಕೆಲಸ ಮಾಡಿದವನು ನಾನು. ಊರಿಗೆ ಬರಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಹಾಗಾಗಿ 2023ರಲ್ಲಿ ಮಂಗಳೂರಿನ ಒಂದು ಪೇರೋಲ್ ಸಾಫ್ಟ್‌ವೇರ್ ಕಂಪನಿ (ಬೇರೆ ಕಂಪನಿಗಳ ಸಂಬಳದ ಲೆಕ್ಕ ನೋಡಿಕೊಳ್ಳುವಂಥದ್ದು) ಕರೆದಾಗ ಜಾಸ್ತಿ ಯೋಚಿಸಲಿಲ್ಲ. ಕಂಪನಿಯ ಹೆಸರು ಬೇಡ. ಅಮ್ಮನ ಕುಚ್ಚಲಕ್ಕಿ ಗಂಜಿ ನೆನೆದು ಆಫರ್ ಲೆಟರ್‌ಗೆ ಸಹಿ ಹಾಕಲು ಹೊರಟವರು ಇದನ್ನೊಮ್ಮೆ ಓದಿದರೆ ಸಾಕು.

ಇಂಟರ್‌ವ್ಯೂ ಬಹಳ ಚೆನ್ನಾಗಿತ್ತು. ನಾನು ಮೋಸ ಹೋದದ್ದೇ ಅಲ್ಲಿ. "ಸಂಬಳ ಹಾಕುವಾಗ ಬ್ಯಾಂಕಿನಿಂದ ಉತ್ತರ ಬರಲಿಲ್ಲ ಅಂತ ಇಟ್ಟುಕೊಳ್ಳಿ. ಮತ್ತೆ ಕಳಿಸಿದರೆ ಎರಡು ಸಲ ಹೋದೀತು, ಕಳಿಸದಿದ್ದರೆ ಹೋಗುವುದೇ ಇಲ್ಲ. ಎಂತ ಮಾಡ್ತೀರಿ?" ಎಂದು ಕೇಳಿದರು. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ತಡೆಯಬೇಕು ಎಂದೆ. ಅರ್ಧ ಗಂಟೆ ಅದರ ಮೇಲೆಯೇ ಮಾತು. ಇಷ್ಟು ತಿಳಿದವರು ದುಡ್ಡಿನ ವಿಷಯದಲ್ಲಿ ಅಚ್ಚುಕಟ್ಟಾಗಿರುತ್ತಾರೆ ಅಂದುಕೊಂಡೆ.

ವರ್ಷಕ್ಕೆ 18 ಲಕ್ಷ ಅಂದರು. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಅದರೊಳಗೇ. ತಿಂಗಳಿಗೆ ಬೇಸಿಕ್ 60 ಸಾವಿರ. ಪಿಎಫ್ ಶೇ. 12ರಂತೆ ನನ್ನಿಂದ 7,200, ಅವರಿಂದ 7,200. ಪೇಸ್ಲಿಪ್‌ನಲ್ಲಿ ಕಡಿತ ತಿಂಗಳು ತಿಂಗಳು ಸರಿಯಾಗಿಯೇ ಕಾಣುತ್ತಿತ್ತು.

2024ರ ಜನವರಿಯಲ್ಲಿ ಇಸಿಆರ್ ಫೈಲ್ ತಯಾರಿಸುವ ಕೋಡ್ ತಿದ್ದುವ ಕೆಲಸ ಬಂತು. ಪ್ರತಿ ತಿಂಗಳು 15ರೊಳಗೆ ಪಿಎಫ್ ಪೋರ್ಟಲ್‌ಗೆ ಹಾಕಬೇಕಾದ ಫೈಲ್ ಅದು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿನ ಮೊದಲಿಗೆ 12 ಅಂಕಿಯ ಯುಎಎನ್, ಅಂದರೆ ಉದ್ಯೋಗಿಯ ಪಿಎಫ್ ನಂಬರ್. ಪರೀಕ್ಷೆಗೆ ನನ್ನ ನಂಬರೇ ಹಾಕುವ ಅಂತ ಹುಡುಕಿದವನು, ಹಾಗೇ ನನ್ನ ಪಿಎಫ್ ಪಾಸ್‌ಬುಕ್ಕೂ ತೆರೆದೆ. ಕೊನೆಯ ಜಮೆ ಬೆಂಗಳೂರಿನ ಹಳೆ ಕಂಪನಿಯದ್ದು! ಇಲ್ಲಿನದ್ದು ಒಂದು ರೂಪಾಯಿಯೂ ಇಲ್ಲ. ಏಳು ತಿಂಗಳು, ಎರಡೂ ಪಾಲು ಸೇರಿ 1,00,800 ರೂಪಾಯಿ. ಗ್ರಾಹಕರ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೆ ರಾತ್ರಿ ಕೂತು ಸರಿಮಾಡುತ್ತಿದ್ದೆ ನಾನು.

"ಪೋರ್ಟಲ್ ತೊಂದರೆ ಮಾರಾಯ್ರೆ, ಮುಂದಿನ ತಿಂಗಳು ಒಟ್ಟಿಗೆ ಕಟ್ಟುವ" ಅಂದರು ಅಕೌಂಟ್ಸ್‌ನವರು. ಅದೇ ಪೋರ್ಟಲ್‌ಗೆ ಗ್ರಾಹಕರ ಫೈಲುಗಳು ಸಲೀಸಾಗಿ ಹೋಗುತ್ತಿದ್ದವು, ಅಲ್ವಾ? ಎರಡು ತಿಂಗಳು ಸುಮ್ನೆ ಕಾದೆ. ಆಮೇಲೆ ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ಬರೆದು, ಪೇಸ್ಲಿಪ್ ಹಿಡಿದು ಹೈಲ್ಯಾಂಡ್ಸ್‌ನ ಪಿಎಫ್ ಕಚೇರಿಗೂ ಹೋದೆ. ನಾಲ್ಕು ತಿಂಗಳದ್ದು ಬಂತು, ಉಳಿದದ್ದು ಇನ್ನೂ ಬಾಕಿ. ನಾನು ಕೆಲಸ ಬಿಟ್ಟೆ.

ಪೇಸ್ಲಿಪ್ ಎಂದರೆ ಬರೀ ಒಂದು ಪಿಡಿಎಫ್. ಅದನ್ನು ತಯಾರಿಸುವ ಕೋಡ್ ಬರೆದ ನನಗೇ ಅದು ಹೊಳೆಯಲಿಲ್ಲ. ಸೇರಿ ಎರಡು ತಿಂಗಳಾದ ಮೇಲೆ ನಿಮ್ಮ ಪಾಸ್‌ಬುಕ್ ನೀವೇ ತೆರೆದು ನೋಡಿ.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಸೇರುವ ಮೊದಲೇ ಇದನ್ನು ನೋಡಬಹುದಿತ್ತು. ಇಪಿಎಫ್‌ಒ ಜಾಲತಾಣದಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತ ಉಂಟು, ಲಾಗಿನ್ ಬೇಡ. ಬೋರ್ಡಿನ ಮೇಲಿರುವ ಹೆಸರು ಹಾಕಿದರೆ ಸಿಗದಿರಬಹುದು, ಆಫರ್ ಲೆಟರ್‌ನಲ್ಲಿರುವ ನೋಂದಾಯಿತ ಹೆಸರು ಹಾಕಿ. ಯಾವ ತಿಂಗಳಿಗೆ ಎಷ್ಟು ಹಣ, ಎಷ್ಟು ಜನರ ಲೆಕ್ಕಕ್ಕೆ ಕಟ್ಟಿದ್ದಾರೆ ಎಂಬುದೆಲ್ಲ ಬರುತ್ತದೆ. ನಾನು ನೋಡಿದ್ದು ರಾಜೀನಾಮೆ ಕೊಟ್ಟ ಮೇಲೆ. ಆಫೀಸಿನಲ್ಲಿ ನಾವು ಅರವತ್ತು ಜನ ಇದ್ದೆವು. ಅಲ್ಲಿದ್ದದ್ದು ಹನ್ನೊಂದು.