ಭದ್ರೆಯಲ್ಲಿ ರಾಫ್ಟಿಂಗ್: ಹೊಳೆಯ ತಯಾರಿ ಪಕ್ಕಾ, ಟೆಂಟಿನದು ಸಾಲದು

ಬಾಳೆಹೊನ್ನೂರು ಕಡೆಯ ಭದ್ರಾ ರಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ಹೊಳೆಯ ಪಯಣ) ಮಳೆಗಾಲದ್ದು. ಬೇಸಿಗೆಯಲ್ಲಿ ನೀರು ತಗ್ಗಿ ಬಂಡೆಗಳು ಎದ್ದರೆ ರಾಫ್ಟ್ ಸಾಗದು.

ರಾಫ್ಟಿಂಗ್ ಜೊತೆಗೆ ಟೆಂಟ್ ವಾಸವೂ ಇರುವ ಈ ವಾರಾಂತ್ಯದ ಪ್ಯಾಕೇಜಿನಲ್ಲಿ ನಿಜಕ್ಕೂ ಮೆಚ್ಚಬೇಕಾದ್ದು ಹೊಳೆಗಿಳಿಯುವ ಮುಂಚಿನ ತಯಾರಿ. ಗೈಡ್ ಪ್ರತಿಯೊಬ್ಬರ ಲೈಫ್ ಜಾಕೆಟ್‌ನ ಹೆಗಲಪಟ್ಟಿ ಹಿಡಿದು ಮೇಲಕ್ಕೆಳೆದು ನೋಡುತ್ತಾರೆ. ಅದು ಗಲ್ಲ ದಾಟಿ ಬಂದರೆ ಸಡಿಲ ಎಂದೇ ಲೆಕ್ಕ, ಪಕ್ಕದ ಪಟ್ಟಿ ಮತ್ತೆ ಬಿಗಿಯಬೇಕು. ದೋಣಿ ನಡೆಸುವ ಹುಟ್ಟಿನ ತುದಿಯ ಅಡ್ಡಹಿಡಿಯ ಮೇಲೆ ಒಂದು ಅಂಗೈ ಸದಾ ಇರಲಿ. ಬಿಟ್ಟರೆ ಪಕ್ಕದವರ ಹಲ್ಲಿಗೇ ಬಡಿಯುತ್ತದೆ. ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ. ನಿಲ್ಲಲು ಹೋಗಲೇಬೇಡಿ: ಪಾದ ಬಂಡೆಸಂದಿಗೆ ಸಿಕ್ಕಿದರೆ ಹಿಂದಿನಿಂದ ಬರುವ ನೀರೇ ಮೈಯನ್ನು ಬಗ್ಗಿಸಿ ಮುಳುಗಿಸುತ್ತದೆ. ಇದನ್ನು ದಡದಲ್ಲೇ ಮಲಗಿಸಿ ಅಭ್ಯಾಸ ಮಾಡಿಸುತ್ತಾರೆ, ಬಹಳ ಒಳ್ಳೆಯದು.

ಟೆಂಟ್ ವಿಷಯದಲ್ಲಿ ಆ ಶ್ರದ್ಧೆಯಿಲ್ಲ. ಕೆಳಗೆ ಹಾಸಿದ ಟಾರ್ಪಾಲು ಟೆಂಟಿನ ಅಂಚಿಗಿಂತ ಹೊರಚಾಚಿತ್ತು. ಹಾಗಿದ್ದರೆ ಮಳೆನೀರು ಅದರ ಮೇಲೆ ಬಿದ್ದು ನೇರ ಹಾಸಿಗೆಯಡಿ ಸೇರುತ್ತದೆ; ಅಂಚನ್ನು ಒಳಕ್ಕೆ ಮಡಚಿದರೆ ಮುಗಿಯಿತು. ಜಾಗ ಹೊಳೆಯಿಂದ ಎತ್ತರದಲ್ಲಿರುವುದು ಸರಿಯಾಗಿದೆ, ಏಕೆಂದರೆ ಘಟ್ಟದಲ್ಲಿ ರಾತ್ರಿ ಮಳೆ ಹೊಯ್ದರೆ ಬೆಳಗಾಗುವುದರೊಳಗೆ ನೀರು ಏರಿರುತ್ತದೆ.

ಊಟಕ್ಕೆ ಬಿಸಿ ಕಡುಬು, ಅಕ್ಕಿರೊಟ್ಟಿ, ಕೊರತೆಯಿಲ್ಲ. ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಮಾತ್ರ ನೀವೇ ತನ್ನಿ.